ಅಕ್ಕನ ಪೆಟ್ಟಿಗೆಗೆ ಕಾಲು ಕಟ್ಟಿದ್ದು

ಸ್ಪೀಕರಿಗೆ ಸ್ಟ್ಯಾಂಡ್ ಮಾಡುವವರು ಮೊದಲು ಅಳೆಯಬೇಕಾದದ್ದು ಕೇಳುವವರ ಕಿವಿಯ ಎತ್ತರವನ್ನು. ಕುರ್ಚಿಯಲ್ಲಿ ಕೂತಾಗ ಕಿವಿ ನೆಲದಿಂದ ಎಷ್ಟು ಮೇಲಿರುತ್ತದೆ ಎಂದು ನೋಡಿಕೊಂಡು, ಪೆಟ್ಟಿಗೆಯ ಮೇಲ್ಭಾಗದಲ್ಲಿರುವ ಚಿಕ್ಕ ಸ್ಪೀಕರು ಅದೇ ಮಟ್ಟಕ್ಕೆ ಬರುವಂತೆ ಕಾಲು ಕಟ್ಟಬೇಕು. ಕೊಳಲು, ಗೆಜ್ಜೆ, ತಾಳದಂಥ ಸಣ್ಣ ದನಿಗಳೆಲ್ಲ ಬರುವುದು ಅದರಿಂದ. ಇದನ್ನು ನಾನು ಓದಿ ತಿಳಿದುಕೊಂಡಿದ್ದೆ. ಹುಣಸೂರಿನ ನಮ್ಮ ಮನೆಯ ಹಾಲಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಟೇಪು ಹಿಡಿಯಲು ಹೆಂಡತಿಯನ್ನು ಕರೆದೆ.

ಅವಳು ಟೇಪು ಹಿಡಿದು ನಿಂತು ಒಂದು ಗಳಿಗೆ ನನ್ನನ್ನೇ ನೋಡಿದಳು.

"ಹಿಂಗೆ ಯಾವತ್ತು ಕೂತಿದ್ದೀರಿ ನೀವು? ಮದುವೆ ಗಂಡಿನ ಥರ. ದಿನಾ ಕೂತ್ಕೊಳ್ಳೋ ಹಂಗೆ ಜಾರ್ಕೊಂಡು ಕೂತ್ಕೊಳ್ಳಿ, ಅಳೀತೀನಿ."

ಜಾರಿ ಕೂತೆ. ಎರಡು ಅಳತೆಗೂ ಅಂಗೈ ಅಗಲದಷ್ಟು ವ್ಯತ್ಯಾಸ ಬಂತು. ನಾನು ಎರಡರ ನಡುವಿನದ್ದನ್ನು ಇಟ್ಟುಕೊಂಡೆ. ಮಾರನೆಯ ದಿನ ಮನಸ್ಸು ಬದಲಾಗಿ ಮತ್ತೆ ಕೂತು ಅಳೆಸಿದೆ. ಅದರ ಮಾರನೆಯ ದಿನವೂ. ಕೊನೆಗೆ ಅವಳು ಟೇಪನ್ನು ಎಲ್ಲೋ ಎತ್ತಿಟ್ಟಳು.

ತೊಂದರೆ ಅಳತೆಯದ್ದು ಮಾತ್ರ ಆಗಿರಲಿಲ್ಲ. ಜೋಡಿ ಸ್ಪೀಕರಿಗೆ ಸ್ಟ್ಯಾಂಡ್ ಮಾಡುತ್ತೇನೆಂದು ಹೊರಟವನ ಹತ್ತಿರ ಇದ್ದದ್ದು ಒಂದೇ ಸ್ಪೀಕರು. ಇನ್ನೊಂದು ಕೆ.ಆರ್. ನಗರದಲ್ಲಿ, ಅಕ್ಕನ ಮನೆಯಲ್ಲಿ.

ನಮ್ಮ ಅಪ್ಪನದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಬೇಕು; ಸೌದೆಗೆ ಅವರು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಹಾಗೆ ಹೋದಾಗ ಒಂದು ತೋಟದ ಬಂಗಲೆಯಲ್ಲಿ ಸಾಮಾನು ಖಾಲಿ ಮಾಡುತ್ತಿದ್ದರಂತೆ. ಅಪ್ಪ ಸೌದೆಯ ಜೊತೆ ರೆಕಾರ್ಡು ಹಾಕುವ ಒಂದು ಹಾಡಿನ ಯಂತ್ರವನ್ನೂ ಅದರ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳನ್ನೂ ತಂದರು. ಅವು ಸೌದೆ ಲಾರಿಯಲ್ಲಿ, ದಿಮ್ಮಿಗಳ ನಡುವೆ ಗೋಣಿ ಸುತ್ತಿಕೊಂಡು ಬಂದವು ಎಂದು ನನ್ನ ನೆನಪು. ಅಕ್ಕ ಹೇಳುವುದು, ಕೊಡಗಿನ ಗಡಿಯ ಕೊಪ್ಪದಿಂದ ಬಸ್ಸಿನ ಟಾಪಿನ ಮೇಲೆ ಬಂದವು ಅಂತ. ನನಗೆ ಲಾರಿಯ ಬಣ್ಣ ಕೂಡ ನೆನಪಿದೆ. ಆದರೆ ಬಣ್ಣ ನೆನಪಿರುವುದು ಲಾರಿ ಇತ್ತು ಎನ್ನುವುದಕ್ಕೆ ಪುರಾವೆ ಆಗುವುದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಅಳೆಯದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ, ಈಗ ನನ್ನ ಬಾಲ್ಯವನ್ನೇ ಪೂರ್ತಿ ನಂಬಲಾರದವನಾಗಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಭಾಗ ಆಯಿತು. ಹೊಲ ಮನೆಯ ಮಾತು ಮುಗಿದು ಸಾಮಾನಿನ ಸರದಿ ಬಂದಾಗ, ಊರಿನ ಹಿರಿಯರು ಎಲ್ಲ ಕಡೆ ನಡೆದುಬಂದ ಕ್ರಮವನ್ನೇ ಹಿಡಿದರು: ಎರಡಿದ್ದದ್ದೆಲ್ಲ ಒಂದೊಂದು. ಹಂಡೆ ಎರಡಿದ್ದವು, ಒಂದೊಂದು. ಮಂಚ ಎರಡಿದ್ದವು, ಒಂದೊಂದು. ಪೆಟ್ಟಿಗೆಗಳ ಹತ್ತಿರ ಬಂದಾಗ ನಾನು ಅಡ್ಡ ಬಾಯಿ ಹಾಕಿದೆ. ಅವು ಜೋಡಿ, ಎರಡೂ ಒಟ್ಟಿಗಿದ್ದರೇ ಹಾಡು ಪೂರ್ತಿ ಕೇಳುವುದು, ಯಾರಾದರೂ ಒಬ್ಬರು ಇಟ್ಟುಕೊಳ್ಳಲಿ ಎಂದೆ.

"ಜೋಡಿ ಎತ್ತನ್ನೇ ಒಂದೊಂದು ಹಂಚಿದೀವಿ ಕಣಪ್ಪ," ಎಂದರು ಹಿರಿಯರೊಬ್ಬರು. "ಇದೇನು, ಉಳೋಕೆ ಹೋಗ್ತವಾ? ಅಕ್ಕಂಗೊಂದು, ತಮ್ಮಂಗೊಂದು. ಮುಂದಿಂದು ನೋಡಿ."

ಅಕ್ಕ ತನ್ನ ಪಾಲಿನ ಪೆಟ್ಟಿಗೆಯನ್ನು ಅವತ್ತೇ ಬಸ್ಸಿನಲ್ಲಿ ತೆಗೆದುಕೊಂಡು ಹೋದಳು. ಹಾಡಿನ ಯಂತ್ರ ಕೆಟ್ಟು ಬಹಳ ಕಾಲವಾಗಿತ್ತು, ಅದನ್ನು ಯಾರೂ ಕೇಳಲಿಲ್ಲ.

ಹೀಗೆ ಆ ಎರಡು ಪೆಟ್ಟಿಗೆಗಳು ಎರಡು ತಾಲ್ಲೂಕಿನಲ್ಲಿ ಉಳಿದವು. ನನ್ನದು ಒಂದು ಹಳೆಯ ಆಂಪ್ಲಿಫಯರಿಗೆ ಅಂಟಿಕೊಂಡು ಅರ್ಧ ಅರ್ಧ ಹಾಡು ಹಾಡುತ್ತಿತ್ತು. ಅಕ್ಕನದು ಹಾಡಲೇ ಇಲ್ಲ. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಕುಂಡದ ಪಕ್ಕ ಮನೆಯವರೆಲ್ಲರ ಮೊಬೈಲುಗಳು ಚಾರ್ಜಿಗೆ ಬಿದ್ದಿರುತ್ತಿದ್ದವು. ನಿವೃತ್ತಿಯಾದ ಮೇಲೆ ನನಗೆ ಜೋಡಿಯನ್ನು ಸೇರಿಸಿ, ಒಳ್ಳೆಯ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸರಿಯಾಗಿ ಕೇಳಬೇಕು ಅನ್ನಿಸಿತು. ಅಕ್ಕನನ್ನೇ ಕೇಳಿಬಿಡೋಣ ಎಂದು ಕೆ.ಆರ್. ನಗರಕ್ಕೆ ಹೋದೆ.

ಅಕ್ಕನ ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹೋಗಿತ್ತು. ಬಲಗಿವಿಯ ಮೇಲೆ ಇಷ್ಟು ವರ್ಷ ಸಂಸಾರ ನಡೆಸಿದ್ದಳು. ಈಗ ಅದೂ ಮಂದವಾಗುತ್ತಿತ್ತು. ಅವಳ ಬಲಕ್ಕೆ ಕೂತು ಜೋರಾಗಿ ಹೇಳಿದೆ.

"ಅಕ್ಕ, ಆ ಪೆಟ್ಟಿಗೆ ನಂಗೆ ಕೊಡು. ಎರಡಕ್ಕೂ ಮರದ ಕಾಲು ಮಾಡ್ತೀನಿ."

"ನನ್ ಪೆಟ್ಗೆಗೆ ಕಾಲ್ಯಾಕ್ಲಾ? ಎಲ್ಲಿಗಾದ್ರೂ ಓಡೋಗ್ಬೇಕಾ ಅದು?"

"ಕಾಲಿದ್ರೆ ಚೆನ್ನಾಗಿ ಕೇಳ್ತದೆ. ನೀನಂತೂ ಹಾಕಲ್ಲವಲ್ಲ, ಸುಮ್ನೆ ಕೂತದೆ."

"ಸುಮ್ನೆ ಕೂತದೆ ಅಂದ್ರೆ ಯಾರೂ ಹಾಡ್ಸ್‌ಕೊಡ್ಲಿಲ್ಲ, ಅದ್ಕೇ ಕೂತದೆ." ಅವಳು ಬೀನ್ಸು ಮುರಿಯುವುದನ್ನು ನಿಲ್ಲಿಸಿದಳು. "ನೋಡ್ಲಾ, ಡಾಕ್ಟ್ರು ಈ ಕಿವೀನೂ ನೆಚ್ಕಬ್ಯಾಡಿ ಅಂದವ್ರೆ. ಮಿಷಿನ್ ಕೊಟ್ಟವ್ರೆ. ಅದ್ನ ಆಕ್ಕೊಂಡ್ರೆ ಮಾತು ಕೇಳ್ತದೆ, ಹಾಡು ಅಂದ್ರೆ ತಗಡಿನ ಮೇಲೆ ಕಲ್ಲು ಸುರುದಂಗೆ. ಇದು ಪೂರಾ ಮುಚ್ಚೋಗೋಕೆ ಮುಂಚೆ ನಾನು ಆ ಪೆಟ್ಗೇಲಿ ಹಾಡು ಕೇಳ್ಬೇಕು. ನೀನು ಓದ್ದೋನಲ್ವಾ, ಹಾಡ್ಸು. ನಂಗೆ ಕೇಳ್ಲಿಲ್ಲ ಅಂದ್ರೆ ಆವಾಗ ತಗೊಂಡೋಗು. ಕೇಳ್ದೆ ಇರೋಳಿಗೆ ಅದ್ಯಾಕೆ?"

ಒಪ್ಪಂದ ಸ್ಪಷ್ಟವಾಗಿತ್ತು. ಅವಳಿಗೆ ಕೇಳಿಸಿದರೆ ಪೆಟ್ಟಿಗೆ ಅವಳದು. ಕೇಳಿಸದಿದ್ದರೆ ಜೋಡಿ ನನ್ನದು. ನನಗೆ ಜೋಡಿ ಬೇಕಿತ್ತು. ಆದರೆ ಹೀಗೆ ಸಿಗುವ ಜೋಡಿಯ ಎದುರು ಕೂತು ಹೇಗೆ ಹಾಡು ಕೇಳುವುದು ಎಂಬುದು ನನಗೆ ಅವತ್ತು ದಾರಿಯುದ್ದಕ್ಕೂ ತಿಳಿಯಲಿಲ್ಲ.

ಹೊರಡುವ ಮುಂಚೆ ಪೆಟ್ಟಿಗೆಗೆ ಜೀವ ಇದೆಯೋ ಇಲ್ಲವೋ ನೋಡಿದೆ. ಅದಕ್ಕೆ ಟಾರ್ಚಿನ ಒಂದು ಶೆಲ್ಲು ಸಾಕು. ಹಿಂದಿನ ಎರಡು ತಂತಿಗಳನ್ನು ಶೆಲ್ಲಿನ ಎರಡು ತುದಿಗೆ ತಾಗಿಸಿದರೆ, ಸ್ಪೀಕರ್ ಸರಿಯಿದ್ದಾಗ ಟಪ್ ಎಂದು ಸಣ್ಣ ಸದ್ದು ಬರುತ್ತದೆ. ತಾಗಿಸಿದೆ. ಟಪ್ ಅಂದಿತು. ಹೂವಿನ ಕುಂಡ ಎತ್ತಿಕೊಳ್ಳಲು ಬಂದ ಅಕ್ಕನ ಒಂದು ಕೈ ಪೆಟ್ಟಿಗೆಯ ಮೇಲಿತ್ತು.

"ಅಲ್ಲಾಡ್ತು," ಎಂದಳು.

ಮರಕ್ಕೆ ನಾನು ಊರಿನ ನಮ್ಮ ಹಳೆಯ ಬ್ಯಾರನ್ನಿಗೆ ಹೋದೆ. ಅದರಲ್ಲಿ ಸೊಪ್ಪು ಬೇಯಿಸುವುದು ಯಾವಾಗಲೋ ನಿಂತಿದೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ನೇತುಹಾಕಲು ಒಳಗೆ ಅಡ್ಡಕ್ಕೆ ಹಾಕಿದ್ದ ಮತ್ತಿ ಮರದ ಗಳಗಳು ಹಾಗೇ ಇದ್ದವು. ಅಷ್ಟು ಕಾಲ ಬೆಂಕಿಯ ಶಾಖ ಕುಡಿದ ಮರಕ್ಕಿಂತ ಒಣಗಿದ ಮರ ಎಲ್ಲೂ ಸಿಗುವುದಿಲ್ಲ ಎಂಬುದು ನನ್ನ ಲೆಕ್ಕ. ಹುಣಸೂರಿನ ಸಾಮಿಲ್ಲಿಗೆ ತಂದು ಇಳಿಸಿದಾಗ ಅಲ್ಲಿಯವರು ಗಳದ ಮೇಲೆ ಕೈಯಾಡಿಸಿ ನೋಡಿದರು.

"ಮೇಷ್ಟ್ರೇ, ಮರ ಏನೋ ಚೆನ್ನಾಗದೆ. ಮೊಳೆ ಎಷ್ಟವೆ ಇದ್ರೊಳಗೆ?"

"ಕಿತ್ತಿದ್ದೀನಿ."

"ಕಣ್ಣಿಗೆ ಕಂಡಿದ್ದು ಕಿತ್ತಿರ್ತೀರಿ. ಕಾಣ್ದಿದ್ದು ನನ್ನ ಬ್ಲೇಡಿಗೆ ಕಾಣ್ತದೆ. ತಗೊಂಡೋಗಿ, ಇನ್ನೊಂದ್ಸಲ ನೋಡ್ಕೊಂಡು ಬನ್ನಿ."

ಮನೆಗೆ ತಂದು, ಕೆಟ್ಟ ಸ್ಪೀಕರೊಂದರಿಂದ ಬಿಚ್ಚಿದ ಅಯಸ್ಕಾಂತವನ್ನು ಗಳದ ಉದ್ದಕ್ಕೂ ಎಳೆಯುತ್ತ ಕೂತೆ. ಎಲ್ಲಿ ಅದು ಹಿಡಿದುಕೊಂಡು ನಿಲ್ಲುತ್ತಿತ್ತೋ ಅಲ್ಲಿ ಉಳಿ ಹಾಕಿದರೆ ತಲೆ ಮುರಿದ ಮೊಳೆ ಸಿಗುತ್ತಿತ್ತು. ಆಮೇಲೆ ಕೊಯ್ದು ಕೊಟ್ಟರು. ಹಲಗೆಗಳನ್ನು ಉಜ್ಜಲು ಕೂತಾಗ ಮರದ ಪುಡಿಯಿಂದ ಹೊಗೆಸೊಪ್ಪಿನ ಘಾಟು ಎದ್ದು ಸೀನು ನಿಲ್ಲಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ನಾನು ಆರಿಸಿಕೊಂಡ ನಮೂನೆ ಹೀಗಿತ್ತು: ಕೆಳಗೊಂದು ಅಗಲ ಹಲಗೆ, ಮೇಲೊಂದು ಚಿಕ್ಕ ಹಲಗೆ, ನಡುವೆ ನಾಲ್ಕು ಪಟ್ಟಿ ಸೇರಿಸಿ ಅಂಟು ಹಾಕಿದ ಟೊಳ್ಳು ಕಂಬ. ಕಂಬದೊಳಗೆ ಮರಳು ತುಂಬಬೇಕು. ಆಗ ಸ್ಟ್ಯಾಂಡು ಸ್ಪೀಕರಿನ ಜೊತೆ ತಾನೂ ಗುಂಯ್‌ಗುಡುವುದಿಲ್ಲ. ಮರಳಲ್ಲಿ ಪಸೆ ಇರಬಾರದು, ಹುರಿಯಬೇಕು.

"ಅದು ಕಡಲೆಕಾಯಿ ಹುರಿಯೋ ಬಾಣಲಿ," ಎಂದಳು ಹೆಂಡತಿ.

"ತೊಳೆದುಕೊಡ್ತೀನಿ."

"ನೀವು ತೊಳೆದಿದ್ದನ್ನ ನಾನು ಮತ್ತೆ ತೊಳೀಬೇಕು. ಇರಲಿ, ಹುರೀರಿ. ಉಪ್ಪು ಹಾಕಬೇಡಿ."

ಎರಡು ಸ್ಟ್ಯಾಂಡೂ ಆದವು. ಒಂದು ಮಾತ್ರ ನೆಲದ ಮೇಲೆ ಕುಂಟುತ್ತಿತ್ತು. ಅದರ ತಳವನ್ನು ಕೀಸಿದೆ, ಆಗ ಇನ್ನೊಂದು ಮೂಲೆ ಎದ್ದಿತು. ಆ ಮೂಲೆ ಕೀಸಿದೆ. ಹೀಗೆ ಅದು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡವಾಯಿತು. ಆ ಗಿಡ್ಡದ್ದನ್ನು ಅಕ್ಕನಿಗೆಂದು ಕಾರಿನಲ್ಲಿ ಹಾಕಿಕೊಂಡು, ಚಿಕ್ಕ ಆಂಪ್ಲಿಫಯರನ್ನೂ ಇಟ್ಟುಕೊಂಡು ಹೊರಟೆ. ಕಟ್ಟೆಮಳಲವಾಡಿ ದಾಟುವಾಗ ಹಿಂದಿನ ಸೀಟಿನಲ್ಲಿ ಮರಳು ಸರಿದ ಸದ್ದಾಯಿತು. ಎಲ್ಲೋ ಅಂಟು ಬಿಟ್ಟಿರಬೇಕೆಂದು ಕಾರು ನಿಲ್ಲಿಸಿ ನೋಡಿದೆ. ಬಿಟ್ಟಿರಲಿಲ್ಲ.

ಅಕ್ಕನ ಹಾಲಿನಲ್ಲಿ ಸ್ಟ್ಯಾಂಡ್ ಇಟ್ಟೆ, ಪೆಟ್ಟಿಗೆ ಏರಿಸಿದೆ, ತಂತಿ ಸಿಕ್ಕಿಸಿದೆ. ಎದುರಿಗೆ ಕುರ್ಚಿ ಹಾಕಿ ಅಕ್ಕನನ್ನು ಕರೆದೆ. ಅವಳು ಬಂದವಳು ಕುರ್ಚಿಯ ಕಡೆ ನೋಡಲೂ ಇಲ್ಲ. ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ, ಅದರ ಪಕ್ಕದ ಹಲಗೆಗೆ ಬೆನ್ನು ಮಾಡಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತಳು. ಪೆಟ್ಟಿಗೆ ಅವಳ ತಲೆಗಿಂತ ಎಷ್ಟೋ ಮೇಲೆ ಉಳಿಯಿತು. ಬೆನ್ನಿಗೆ ಸಿಕ್ಕಿದ್ದು ನನ್ನ ಮರಳಿನ ಕಂಬ.

"ಇದೇನ್ಲಾ ಇದು, ಗುಡಿ ಕಂಬ ನೆಟ್ಟಂಗೆ ನೆಟ್ಟಿದ್ದೀಯ? ನಾನು ಕಂಬಕ್ಕೆ ಒರಗಿ ಹಾಡು ಕೇಳ್ಬೇಕಾ?"

"ಕುರ್ಚೀಲಿ ಕೂತ್ಕೊಬೇಕು ಅಕ್ಕ. ಎದುರುಗಡೆ."

"ಎದುರುಗಡೆ ಕೂತ್ರೆ ನಂಗೆಲ್ಲಿ ಕೇಳ್ತದೆ? ಒರಗ್ಕೊಂಡೇ ಅಲ್ವಾ ನಾನು ಕೇಳ್ತಿದ್ದಿದ್ದು. ತಲೆ ಪೆಟ್ಗೆಗೆ ಕೊಟ್ಟು."

ನಾನು ಪೆಚ್ಚಾದೆ. ಪೆಟ್ಟಿಗೆಗೆ ಒರಗಿ ಹಾಡು ಕೇಳಿದ ನೆನಪು ನನ್ನದು. ಹಾಡಿನ ಮಧ್ಯೆ ಡೋಲು ಬಂದಾಗ ಅದು ಬೆನ್ನೊಳಕ್ಕೆ ಹೊಡೆದ ನೆನಪು, ಆ ಮರದ ಬಿಸಿ, ಎಲ್ಲ ನನ್ನದು. ಅದನ್ನೇ ಅವಳಿಗೆ ಹೇಳಿದೆ.

"ನಿಂದಾ?" ಅಕ್ಕ ಕೂತಲ್ಲಿಂದಲೇ ತಲೆಯೆತ್ತಿ ನೋಡಿದಳು. "ನೀನೆಲ್ಲಿದ್ದೆ ಆವಾಗ? ಮೈಸೂರ್‌ನಲ್ಲಿ ಆಸ್ಟೆಲ್ ಅನ್ನ ತಿಂತಿದ್ದೆ. ರಜಕ್ಕೆ ಬಂದಾಗ ನಾನೇ ಯೋಳಿದ್ದು ನಿಂಗೆ, ಡೋಲು ಬೆನ್ನೊಳಕ್ಕೆ ಒಡೀತದೆ ಅಂತ. ನೀನು ನಕ್ಕಿದ್ದೆ. ಸೊಂಟ ಉಳುಕಾತು ಅಂದಿದ್ದೆ."

ನಾನು ವರ್ಷಗಟ್ಟಲೆ ನನ್ನದೆಂದು ಇಟ್ಟುಕೊಂಡಿದ್ದ ಮಾತು ಅವಳ ಬಾಯಿಂದ ಅಕ್ಷರಶಃ ಹಾಗೇ ಬಂತು. ರಜದಲ್ಲಿ ನಾನೂ ಒಂದು ಸಲ ಒರಗಿ ನೋಡಿದ್ದಿರಬಹುದು. ಇಲ್ಲದೆಯೂ ಇರಬಹುದು. ಕೇಳಲು ಮೂರನೆಯವರು ಯಾರೂ ಉಳಿದಿಲ್ಲ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟು ಅಳತೆಯ ಟೇಪು ತೆಗೆದೆ.

ಶಬ್ದ ಕಿವಿಯ ತೂತಿನಿಂದಲೇ ಹೋಗಬೇಕೆಂದಿಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಹೋಗುತ್ತದೆ. ಇದನ್ನು ನಾನು ಪ್ರತಿ ವರ್ಷ ಕವಲುಕಡ್ಡಿಯಂಥ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು ಬಾರಿಸಿ, ಮಕ್ಕಳ ಹಣೆಗೆ ಒತ್ತಿ ತೋರಿಸುತ್ತಿದ್ದೆ. ಅಕ್ಕನ ವಿಷಯದಲ್ಲಿ ಅದು ನನಗೆ ಹೊಳೆದಿರಲಿಲ್ಲ. ಪೆಟ್ಟಿಗೆಯನ್ನು ಬರೀ ನೆಲಕ್ಕಿಟ್ಟರೆ ಅದು ಈಗಿನ ಅಕ್ಕನ ಹೆಗಲಿಗೆ ಬರುತ್ತಿತ್ತು. ತಲೆಯ ಹಿಂಭಾಗ ಹಲಗೆಗೆ ತಾಗಬೇಕಾದರೆ ಒಂದು ಗೇಣು ಮೇಲೇಳಬೇಕು. ಒರಗಿದರೆ ಅಲ್ಲಾಡಬಾರದು. ಅಳತೆ ತೆಗೆದುಕೊಂಡು, ಸ್ಟ್ಯಾಂಡನ್ನು ಮತ್ತೆ ಕಾರಿಗೆ ಹಾಕಿ ಹುಣಸೂರಿಗೆ ವಾಪಸು ತಂದೆ.

ಅಂಗಳದಲ್ಲಿ ಅದನ್ನು ಮಲಗಿಸಿ, ಕಂಬವನ್ನು ಗರಗಸದಿಂದ ಕೊಯ್ದೆ. ಹುರಿದ ಮರಳೆಲ್ಲ ಸುರಿದುಹೋಯಿತು. ಉಳಿದ ಗೇಣುದ್ದದ ತುಂಡಿನ ಸುತ್ತ ನಾಲ್ಕು ದಪ್ಪ ಕಾಲು ಸೇರಿಸಿ, ಮೇಲಿನ ಹಲಗೆಯನ್ನು ಅಗಲ ಮಾಡಿದೆ. ನೋಡಲು ಅದು ದಪ್ಪ ಮಣೆಯ ಹಾಗಾಯಿತು. ನಾನು ಓದಿದ ಯಾವ ಪುಸ್ತಕದ ಸ್ಟ್ಯಾಂಡಿನಂತೆಯೂ ಇರಲಿಲ್ಲ.

ಮತ್ತೆ ಕೆ.ಆರ್. ನಗರ. ಈ ಸಲ ಅಕ್ಕ ಕೂತಾಗ ಪೆಟ್ಟಿಗೆಯ ಹಲಗೆ ಅವಳ ಬೆನ್ನಿಗೂ ತಲೆಗೂ ಸರಿಯಾಗಿ ಸಿಕ್ಕಿತು. ಆದರೆ ತುರುಬು ನಡುವೆ ಬಂತು. ಅವಳು ಪಿನ್ನು ಕಿತ್ತು ಬಾಯಲ್ಲಿ ಕಚ್ಚಿಕೊಂಡು, ತುರುಬು ಬಿಚ್ಚಿ ಕೂದಲನ್ನು ಮುಂದಕ್ಕೆ ಹಾಕಿಕೊಂಡಳು. ತಲೆಯನ್ನು ಮರಕ್ಕೆ ಒತ್ತಿ ಕಣ್ಣು ಮುಚ್ಚಿದಳು. ನಾನು ಫೋನಿನಿಂದ ಒಂದು ಹಳೆಯ ಸಿನಿಮಾ ಹಾಡು ಹಾಕಿದೆ. ಅಪ್ಪನ ಮನೆಯಲ್ಲಿ ರೆಕಾರ್ಡಿನ ತಟ್ಟೆ ಸವೆಯುವವರೆಗೆ ಹಾಕುತ್ತಿದ್ದ ಹಾಡು ಅದು. ಈ ವಿಷಯದಲ್ಲಿ ನಮ್ಮಿಬ್ಬರ ನೆನಪೂ ಒಂದೇ.

ಪಲ್ಲವಿ ಮುಗಿಯಿತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಆದರೆ ತಾಳ ಯಾರ ಬೆನ್ನಿಗಾದರೂ ತಿಳಿಯುತ್ತದೆ. ಅವಳಿಗೆ ಹಾಡು ಕೇಳಿಸುತ್ತಿದೆಯೋ, ಬರೀ ಮರದ ಅದುರುವಿಕೆಗೆ ನೆನಪಿನಲ್ಲಿರುವ ಹಾಡನ್ನು ಅವಳೇ ಸೇರಿಸಿಕೊಳ್ಳುತ್ತಿದ್ದಾಳೋ, ಹೇಗೆ ಹೇಳುವುದು? ಕೇಳಿದರೆ ಹೌದು ಅಂದಾಳು. ಆ ಹೌದನ್ನು ಅವಳೂ ನಂಬಿರುತ್ತಾಳೆ.

ಪಲ್ಲವಿಗೂ ಚರಣಕ್ಕೂ ನಡುವಿನ ವಾದ್ಯಗಳು ಶುರುವಾದವು. ಅಕ್ಕ ಕಣ್ಣು ಬಿಟ್ಟಳು. ಪಿನ್ನನ್ನು ಬಾಯಿಂದ ತೆಗೆದಳು.

"ಕೊಳಲೆಲ್ಲೋಯ್ತು?"

ನಾನು ಹಾಡು ನಿಲ್ಲಿಸಿದೆ. ಆ ಹಾಡಿನಲ್ಲಿ ಪಿಟೀಲು ಒಂದು ಕಡೆಯ ಪೆಟ್ಟಿಗೆಯಲ್ಲಿ, ಕೊಳಲು ಇನ್ನೊಂದು ಕಡೆಯದರಲ್ಲಿ ಬರುತ್ತದೆ. ನಾನು ಪೆಟ್ಟಿಗೆಗೆ ಕೊಟ್ಟಿದ್ದು ಪಿಟೀಲಿನ ಕಡೆಯ ತಂತಿ. ಕೊಳಲು ಅದರಲ್ಲಿ ಇರಲೇ ಇಲ್ಲ. ನೆನಪಿನಿಂದ ಹಾಡು ಕಟ್ಟಿಕೊಂಡಿದ್ದರೆ ಅವಳು ಕೊಳಲನ್ನೂ ಕಟ್ಟಿಕೊಳ್ಳುತ್ತಿದ್ದಳು. ಆದರೂ ಒಂದು ಪರೀಕ್ಷೆಗೆ ನನಗೆ ಸಮಾಧಾನವಾಗುವುದಿಲ್ಲ. ಏನೂ ಹೇಳದೆ ತಂತಿಯನ್ನು ಕೊಳಲಿನ ಕಡೆಗೆ ಬದಲಿಸಿ, ಅದೇ ಜಾಗದಿಂದ ಮತ್ತೆ ಹಾಕಿದೆ.

"ಈಗ ಬಂತು," ಎಂದಳು. ಮತ್ತೆ ತಲೆಯನ್ನು ಮರಕ್ಕೆ ಒತ್ತಿ ಕೇಳಿ, "ಲೇ, ಪಿಟೀಲು ತೆಗೆದ್ಬುಟ್ಟಲ್ಲೋ. ಏನ್ ಆಟ ಆಡ್ತಿದ್ದೀಯ ನನ್ ತಾವ?"

ಪೆಟ್ಟಿಗೆ ಅವಳದಾಯಿತು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಂದೆ.

ಎರಡು ಕಡೆಯನ್ನೂ ಬೆರೆಸಿ ಒಂದೇ ಪೆಟ್ಟಿಗೆಗೆ ಕೊಡುವ ಗುಂಡಿ ಆಂಪ್ಲಿಫಯರಿನಲ್ಲಿದೆ. ಅದನ್ನೂ ಒತ್ತಿ ಕೇಳಿಸಿದೆ. ಕೊಳಲು, ಪಿಟೀಲು ಎರಡೂ ಬಂದವು. ಅಕ್ಕನ ಹುಬ್ಬು ಗಂಟಿಕ್ಕಿತು.

"ಸಂತೇಲಿ ಎಲ್ಲಾರೂ ಒಂದೇ ತಾವ ನಿಂತು ಕೂಗ್ದಂಗದೆ. ಅಪ್ಪನ ಮನೇಲಿ ಇಂಗಿರ್ಲಿಲ್ಲ. ಒಂದಕ್ಕೆ ತಲೆ ಕೊಡ್ತಿದ್ದೆ. ಇನ್ನೊಂದು ಈ ಕಡೆ, ಈ ಕಿವಿ ತಾವ ಇರ್ತಿತ್ತು." ಬಲಗಿವಿಯನ್ನು ಮುಟ್ಟಿ ತೋರಿಸಿದಳು. ಆಮೇಲೆ ನಿನ್ನ ಪೆಟ್ಟಿಗೆ ಕೊಡು ಎಂದು ಕೇಳದೆ ತುರುಬು ಕಟ್ಟಿಕೊಂಡಳು. ಕೇಳಿದ್ದರೆ ನಾನು ವಾದ ಮಾಡುತ್ತಿದ್ದೆನೋ ಏನೋ.

ಅವಳ ಬಲಗಿವಿ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆದುಕೊಂಡು ಬಂದೆ. ನನಗೆಂದು ಮಾಡಿದ್ದ ನೆಟ್ಟನೆಯ ಸ್ಟ್ಯಾಂಡನ್ನು ಅಂಗಳದಲ್ಲಿ ಮಲಗಿಸಿ ಗರಗಸ ಹಿಡಿದಾಗ, ಹೆಂಡತಿ ಮರಳಿಗೆ ತಾನೇ ಬಕೆಟ್ಟು ತಂದಿಟ್ಟಳು.

"ನಿಮ್ಮ ಪೆಟ್ಟಿಗೇನೂ ಕೊಟ್ಟುಬಿಡ್ತೀರಾ?"

"ಅವಳಿಗೆ ಎಷ್ಟು ದಿನ ಕೇಳಿಸ್ತದೋ ಅಷ್ಟು ದಿನ."

"ಹಂಗಂತ ಅವರಿಗೆ ಹೇಳಬೇಡಿ. ಕೊಟ್ಟೆ ಅಂತ ಕೊಡಿ."

ಹಾಗೇ ಕೊಟ್ಟೆ. ಈಗ ಕೆ.ಆರ್. ನಗರದ ಆ ಹಾಲಿನಲ್ಲಿ ಒಂದು ಪೆಟ್ಟಿಗೆ ಗೋಡೆಯ ಹತ್ತಿರ ಮಣೆಯಂಥ ಸ್ಟ್ಯಾಂಡಿನ ಮೇಲಿದೆ, ಇನ್ನೊಂದು ಅದರ ಬಲಕ್ಕೆ, ಮೊಟಕು ಕಂಬದ ಮೇಲೆ, ಅಕ್ಕನ ಕಡೆ ಮುಖ ಮಾಡಿಕೊಂಡು. ಜೋಡಿ ಸ್ಪೀಕರ್ ಇಡುವ ಯಾವ ನಿಯಮಕ್ಕೂ ಇದು ಹೊಂದುವುದಿಲ್ಲ. ಎರಡನ್ನೂ ಸೇರಿಸಿದ ದಿನ ಅಕ್ಕ ತುರುಬು ಬಿಚ್ಚಿ ತನ್ನ ಜಾಗದಲ್ಲಿ ಕೂತಳು. ನಾನು ಹಾಡು ಹಾಕಿ, ಕೂರಲು ಬೇರೆ ಜಾಗ ಕಾಣದೆ, ಎರಡು ಪೆಟ್ಟಿಗೆಯ ನಡುವೆ ಅವಳ ಪಕ್ಕದಲ್ಲೇ ಕೂತು ಅವಳ ಪೆಟ್ಟಿಗೆಯ ಮೂಲೆಗೆ ಬೆನ್ನು ತಾಗಿಸಿದೆ. ಡೋಲು ಬಂತು. ಅದು ಮೊದಲು ಗೊತ್ತಿದ್ದ ಹೊಡೆತವೋ, ಹೊಸದೋ ಎಂದು ತೀರ್ಮಾನ ಮಾಡುವಷ್ಟರಲ್ಲಿ ಅಕ್ಕ ಮೊಣಕೈಯಿಂದ ತಿವಿದಳು.

"ಏಳ್ಲಾ ಅಲ್ಲಿಂದ. ನಿನ್ ತಲೆ ಅಡ್ಡ ಬತ್ತದೆ, ಕೊಳಲು ಬತ್ತಾ ಇಲ್ಲ."

ಎದ್ದೆ. ಬಾಗಿಲ ಹತ್ತಿರ ಹೋಗಿ ನಿಂತೆ. ಅಲ್ಲಿಗೆ ಹಾಡು ಅಷ್ಟೇನೂ ಚೆನ್ನಾಗಿ ಕೇಳಿಸುತ್ತಿರಲಿಲ್ಲ.